ಪಾಳೇಗಾರನ ಪೆಟ್ಟಿಗೆ

ದೇವಯ್ಯ ಮತ್ತೆ ಮುಳುಗಿದ.

ಹೊಂಗೆ ಮರದ ಮರೆಯಲ್ಲಿ ಪುರಸಭಾ ಸದಸ್ಯ ಪಂಚಾಕ್ಷರಯ್ಯನವರು ಉಸಿರು ಬಿಗಿಹಿಡಿದರು. ವಾರದಿಂದ ಇದೇ ನಡೆದಿದೆ. ತಾವು ಸ್ನಾನಕ್ಕೆ ಬರುವ ಹೊತ್ತಿಗೇ ಈ ಕೆಳಕೇರಿಯವನು ಬಂಡೆಯಿಂದ ಧುಮುಕುತ್ತಾನೆ. ಮುಷ್ಟಿ ಬಿಗಿದುಕೊಂಡು ಮೇಲೇಳುತ್ತಾನೆ. ದಡದಲ್ಲಿ ಕೂತ ತಾಯಿ ಬೆಟ್ಟಮ್ಮ ಅದನ್ನು ಇಸಿದುಕೊಂಡು ಸೆರಗಿಗೆ ಗಂಟು ಹಾಕುತ್ತಾಳೆ.

ಹೊಳೆನರಸೀಪುರದ ಆಚೆ ಹೇಮಾವತಿ ತಿರುಗುವಲ್ಲಿ ಎರಡು ರೇವುಗಳು. ಮೇಲಿನದು ದೊಡ್ಡವರದು: ಮೆತ್ತನೆ ಮರಳು, ಮಗುವೂ ಇಳಿಯಬಹುದಾದ ನೀರು, ಮಿಂಚುಳ್ಳಿ ಕೂರುವ ನೇರಳೆ ಕೊಂಬೆ. ಕೆಳಗಿನದು ಕೆಳಕೇರಿಯದು: ಪಾಚಿಗಟ್ಟಿದ ಬಂಡೆ, ಅದರ ಬುಡದಲ್ಲೇ ಗುಂಡಿ. ಮಂಡಿ ಸೋತ ಬೆಟ್ಟಮ್ಮ ಅಲ್ಲಿ ಎರಡು ಸಲ ಜಾರಿ ಬಿದ್ದಿದ್ದಳು. ಮೇಲಿನ ರೇವಿಗೆ ಬಿಡಿ ಎಂದು ದೇವಯ್ಯ ಕೇಳಿದಾಗ ಪಂಚಾಕ್ಷರಯ್ಯನವರು ಸಂಪ್ರದಾಯ ನೆನಪಿಸಿ ಕಳಿಸಿದ್ದರು.

ಈಗ ಮರೆಯಿಂದ ಹೊರಬಂದರು.

"ಏನ್ಲಾ ಹುಡುಕ್ತಿದ್ದೀಯ?"

"ಏನೂ ಇಲ್ಲ ಬುದ್ಧಿ."

"ಕೈಯಲ್ಲೇನು?"

"ಕಲ್ಲು ಬುದ್ಧಿ."

"ಕಲ್ಲಿಗೆ ಯಾರಾದ್ರೂ ಅಷ್ಟು ಆಳಕ್ಕೆ ಹೋಗ್ತಾರೇನ್ಲಾ?"

"ನಮ್ಮವ್ವಂಗೆ ಬೇಕಂತೆ ಬುದ್ಧಿ."

ಬೆಟ್ಟಮ್ಮ ಗಂಟನ್ನು ಇನ್ನಷ್ಟು ಬಿಗಿದಳು.

ಸುಳ್ಳು! ಪಾಳೇಗಾರನ ಚಿನ್ನದ ಪೆಟ್ಟಿಗೆ ಹೊಳೆ ಸೇರಿದೆಯೆಂದು ಪಂಚಾಕ್ಷರಯ್ಯನವರ ಅಜ್ಜ ಸಾಯುವ ತನಕ ಊರಿಗೆಲ್ಲ ಹೇಳಿಕೊಂಡು ತಿರುಗಿದ್ದರು.

ಭಾನುವಾರ ಅರಳಿಕಟ್ಟೆಯಲ್ಲಿ ಸಭೆ ಸೇರಿತು. "ಸ್ವಾತಂತ್ರ್ಯ ಬಂದು ಹತ್ತು ವರ್ಷವಾಯಿತು," ಎಂದು ಪಂಚಾಕ್ಷರಯ್ಯನವರು ಗದ್ಗದರಾದರು. "ಇನ್ನೂ ಮೇಲು ಕೀಳೆ? ಮೇಲಿನ ರೇವು ಇಂದಿನಿಂದ ಕೆಳಕೇರಿಯ ಬಂಧುಗಳದು. ಕೆಳಗಿನ ರೇವಿನ ಕಷ್ಟ ನನಗಿರಲಿ!"

ಚಪ್ಪಾಳೆ ಬಿತ್ತು. ಪತ್ರಿಕೆಯಲ್ಲಿ ಭಾವಚಿತ್ರ ಬಂತು. ಮೇಲಿನ ರೇವಿನಲ್ಲಿ ಅವರದೇ ಹೆಸರು ಕೆತ್ತಿದ ಕಲ್ಲು ನಿಂತಿತು. ಇನ್ನು ಆ ಮಾತನ್ನು ಅವರೇ ಹಿಂತೆಗೆಯುವಂತಿರಲಿಲ್ಲ.

ಮರುದಿನ ಬೆಳಿಗ್ಗೆ ಪಂಚಾಕ್ಷರಯ್ಯನವರು ಪಾಚಿಬಂಡೆಯ ಮೇಲೆ ತೆವಳಿ ಗುಂಡಿಗಿಳಿದರು. ಮುಳುಗಿದರು, ಎದ್ದರು, ಕೆಮ್ಮಿದರು, ನೀರು ಕುಡಿದರು, ಮತ್ತೆ ಮುಳುಗಿದರು.

ಮೇಲಿನ ರೇವಿನ ಮರಳಲ್ಲಿ ಬೆಟ್ಟಮ್ಮ ಕಾಲು ನೀಡಿ ಕೂತಳು. ಸೆರಗಿನ ಗಂಟು ಬಿಚ್ಚಿ, ಒರಟಾದ ಒಂದು ಕಲ್ಲು ಆರಿಸಿ, ಹಿಮ್ಮಡಿ ಉಜ್ಜತೊಡಗಿದಳು. ಕೊಳೆ ನಿಧಾನವಾಗಿ ಕೆಳಗಿನ ರೇವಿನತ್ತ ಹರಿಯಿತು.

"ನೀ ಇನ್ನು ಮುಳುಗ್ಬ್ಯಾಡ ಕಣ್ಲಾ ಮಗ," ಎಂದಳು. "ನಾ ಯೋಳಿದ್ ಕೆಲ್ಸ ಆತಲ್ಲ."