ದುಃಖತಪ್ತರ ಹೆಸರು

ಸೋಮವಾರ ಬೆಳಿಗ್ಗೆ ದಫಿನಾ ಕಟ್ಟಡದ ಕೆಳಬಾಗಿಲಿಗೆ ಕರಿ ಅಂಚಿನ ಕಾಗದವೊಂದನ್ನು ಅಂಟಿಸುತ್ತಿದ್ದಳು. ಆ ಬಾಗಿಲ ತುಂಬ ಅಂಥವೇ ಕಾಗದಗಳು. ಯಾರಾದರೂ ಸತ್ತರೆ ಅವರ ಫೋಟೊ, ಹೆಸರು, ಕೆಳಗೆ ದುಃಖತಪ್ತರು ಯಾರ‍್ಯಾರು ಎಂದು ಅಚ್ಚು ಹಾಕಿಸಿ ಬಾಗಿಲಿಗೆ, ಮರಕ್ಕೆ, ಬಸ್ ನಿಲ್ದಾಣಕ್ಕೆ ಅಂಟಿಸುತ್ತೇವೆ. ಬಲ್ಗೇರಿಯಾದಲ್ಲಿ ಸತ್ತವನು ಗುಟ್ಟಾಗಿ ಹೋಗುವ ಹಾಗಿಲ್ಲ.

ಬ್ರೆಡ್ ತರಲು ಹೊರಟಿದ್ದ ಮೊದಲ ಮಹಡಿಯ ಗೆಂಕಾ ಅಜ್ಜಿ ಕಾಗದ ಕಂಡವಳೇ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡಳು.

"ಯಾರು ಹೋದ್ರೇ? ನಿನ್ನ ತಮ್ಮ ಚೆನ್ನಾಗಿದಾನೆ ತಾನೆ?"

"ಇದಾನಜ್ಜಿ. ನೀವೇ ಓದಿ."

ಅಜ್ಜಿ ಕನ್ನಡಕ ಸರಿಮಾಡಿಕೊಂಡು ಓದಿದಳು. ಫೋಟೊ ಇರಬೇಕಾದ ಜಾಗ ಖಾಲಿ. 'ಮೇಲ್ಮನವಿಯ ಹಕ್ಕು. ಶುಕ್ರವಾರ ಸಂಜೆ ಐದು ಗಂಟೆಗೆ ನಮ್ಮನ್ನು ಅಗಲಿತು. ದುಃಖತಪ್ತರು: ಕೊಡೆ, ಶೂನ್ಯ, ರಾತ್ರಿ ರೈಲು, ಮತ್ತು ಗೂಬೆ ಎಂಬ ಲ್ಯೂಬೆನ್ ಚಕಾರೊವ್, ನಾಲ್ಕನೇ ಮಹಡಿ.' ಇವರಲ್ಲಿ ಲ್ಯೂಬೆನ್ ಮೇಷ್ಟ್ರೊಬ್ಬರನ್ನು ಬಿಟ್ಟರೆ ಮಿಕ್ಕವರು ಯಾವ ಮನೆತನದವರೋ ಗೊತ್ತಾಗಲಿಲ್ಲ, ಸತ್ತವರ ಹೆಸರಲ್ಲಿ ಹಂಚುವ ಗೋಧಿ ಬೇಯಿಸುತ್ತೀಯೋ ಇಲ್ಲವೋ ಎಂದು ಅಜ್ಜಿ ಕೇಳಿದಳು. ದಫಿನಾಳಿಗೆ ನಗು ಬರಲಿಲ್ಲ. ಅವಳ ಮೈಯೆಲ್ಲ ಉರಿಯುತ್ತಿತ್ತು.

ಉರಿಯದೆ ಇನ್ನೇನು? ಅವಳ ತಮ್ಮ ಆಸೆನ್‌ಗೆ ಸೊಂಟದ ಕೆಳಗೆ ಸ್ವಾಧೀನವಿಲ್ಲ. ಬೆಳಿಗ್ಗೆ ಅವನನ್ನು ಎಬ್ಬಿಸಿ, ತೊಳೆದು, ಗಾಲಿಕುರ್ಚಿಗೆ ಕೂರಿಸಲು ನಗರಸಭೆಯಿಂದ ಸಹಾಯಕಿಯೊಬ್ಬಳು ಬರುತ್ತಿದ್ದಳು. ಯಾರಿಗೆ ಎಷ್ಟು ಸಹಾಯ ಎಂದು ತೀರ್ಮಾನಿಸುವ ಕೆಲಸವನ್ನು ನಗರಸಭೆ ಕಂಪ್ಯೂಟರಿಗೆ ವಹಿಸಿತು. ಆಸೆನ್‌ಗೆ ಸಹಾಯಕಿ ಬೇಕಿಲ್ಲ ಎಂದು ಕಂಪ್ಯೂಟರು ಹೇಳಿತು, ಸಹಾಯಕಿ ಬರುವುದು ನಿಂತಿತು. ಮನುಷ್ಯರ ಮುಂದೆ ಮೇಲ್ಮನವಿ ಹಾಕುವ ಹಕ್ಕೊಂದು ಉಳಿದಿತ್ತು. ಹೊಸ ನಿಯಮದ ಕರಡು ಅದನ್ನೂ ಕಿತ್ತುಹಾಕಲು ಹೊರಟಿತ್ತು. ಆಕ್ಷೇಪಣೆ ಇದ್ದವರು ಶುಕ್ರವಾರ ಸಂಜೆ ಐದರೊಳಗೆ ನಗರಸಭೆಯ ಜಾಲತಾಣದಲ್ಲಿ ಸಲ್ಲಿಸಬೇಕಿತ್ತು.

ದಫಿನಾ ನಾಲ್ಕು ಸಾಲು ಬರೆದುಕೊಂಡು, ಸರಿಯಿದೆಯೇ ನೋಡಿ ಎಂದು ಮೇಲಿನ ಮನೆಯ ಲ್ಯೂಬೆನ್ ಮೇಷ್ಟ್ರಿಗೆ ತೋರಿಸಿದ್ದಳು. ಕಾನೂನು ಕಲಿಸುವ ಮೇಷ್ಟ್ರು. ಅಂತರ್ಜಾಲದ ಚರ್ಚಾವೇದಿಕೆಯೊಂದರಲ್ಲಿ ಗೂಬೆ ಎಂಬ ಹೆಸರಿನಲ್ಲಿ ಸರ್ಕಾರವನ್ನು ದಿನಾ ಚಿಂದಿ ಮಾಡುವವರು. ಅಲ್ಲಿ ಎಲ್ಲರಿಗೂ ಇಂಥವೇ ಇಟ್ಟುಕೊಂಡ ಹೆಸರು, ನಿಜ ಹೆಸರು ಯಾರೂ ಹೇಳುವುದಿಲ್ಲ. ಒಬ್ಬಳೇ ಕಳಿಸಿದರೆ ಕಸದ ಬುಟ್ಟಿಗೆ ಹೋಗುತ್ತದೆ, ವೇದಿಕೆಯಲ್ಲಿ ಹಾಕೋಣ, ಎಲ್ಲ ಸೇರಿ ಗಟ್ಟಿಯಾಗಿ ಬರೆದು ಕಳಿಸೋಣ ಎಂದರು. ಇವಳು ನಂಬಿದಳು.

ಗಟ್ಟಿಯಾಗಿಯೇ ಬರೆದರು, ದೇವರಾಣೆ! ಯಂತ್ರ ಮಾಡಿದ್ದನ್ನು ತೀರ್ಮಾನ ಎನ್ನಬಹುದೇ ಎಂದು ಶುರುವಾಗಿ, ಯೂರೋಪಿನ ಕಾನೂನೆಲ್ಲ ಬಂತು. ಕೊಡೆ ಶೂನ್ಯನನ್ನು ಸರ್ಕಾರದ ಏಜೆಂಟ್ ಎಂದ. ಶೂನ್ಯ ಮುನಿಸಿಕೊಂಡು ಹೋಗಿ ಊಟದ ಹೊತ್ತಿಗೆ ವಾಪಸು ಬಂದ. ನಡುವೆ ಬಾಯಿ ಹಾಕಿದ ದಫಿನಾಳಿಗೆ, ತಾಯೀ, ನಿಮಗೆ ವಿಷಯ ಅರ್ಥವಾಗಿಲ್ಲ ಎಂದು ಯಾರೋ ಬುದ್ಧಿ ಹೇಳಿದರು. ನಾಲ್ಕು ಸಾಲು ಇಪ್ಪತ್ತು ಪುಟವಾಯಿತು. ಶುಕ್ರವಾರ ಮಧ್ಯಾಹ್ನ ಕಳಿಸಲು ಹೋದರೆ ಜಾಲತಾಣ ಕೇಳಿತು: ಕಳಿಸುವವರ ಹೆಸರು, ವಿಳಾಸ?

ಗಾಡಿ ನಿಂತಿದ್ದು ಅಲ್ಲಿ. ಪ್ರಜೆಯ ಹೆಸರು ಕೇಳುವ ಹಕ್ಕು ಸರ್ಕಾರಕ್ಕಿಲ್ಲ ಎಂದು ವರ್ಷಗಟ್ಟಲೆ ವಾದಿಸಿದ ಶೂರರು ಇವರು. ಸಹಿ ಹಾಕಿದರೆ ತತ್ವವೇ ಸೋತಂತೆ ಎಂದು ಮೊದಲು ಬರೆದದ್ದೇ ಗೂಬೆ. ಹೌದು, ಹೌದು ಎಂದರು ಎಲ್ಲರೂ. ಹೆಸರಿಲ್ಲದೆ ಸಲ್ಲಿಸುವ ಅವಕಾಶಕ್ಕೆ ಮೊದಲು ಒತ್ತಾಯಿಸಬೇಕೇ ಎಂದು ಕೊಡೆ ಮತಕ್ಕೆ ಹಾಕಿದ. ಕೆಲಸ ಮಾಡುವ ಬೇಕರಿಯಲ್ಲಿ ಹಿಟ್ಟಿನ ಕೈಯಲ್ಲೇ ದಫಿನಾ ಫೋನ್ ಒತ್ತಿ, ನನ್ನ ಹೆಸರು ಹಾಕಿ, ನನ್ನ ಹೆಸರು ಹಾಕಿ ಎಂದು ಬರೆಯುತ್ತಲೇ ಇದ್ದಳು. ಯಾರು ಓದುತ್ತಾರೆ? ಮತದಾನ ನಡೆಯುತ್ತಿರುವಾಗಲೇ ಐದು ಗಂಟೆಯಾಯಿತು.

ಆ ಸಂಜೆಯೇ ನಗರಸಭೆಯ ಪ್ರಕಟಣೆ ಬಂತು. ಸಾರ್ವಜನಿಕರಿಂದ ಆಕ್ಷೇಪಣೆ ಬಂದಿಲ್ಲ, ಒಂದಾದರೂ ಬಂದಿದ್ದರೆ ಬಹಿರಂಗ ವಿಚಾರಣೆ ನಡೆಸಬೇಕಿತ್ತು, ಬಾರದ್ದರಿಂದ ಕರಡೇ ನಿಯಮ. ಒಂದು ಸಾಕಿತ್ತು! ಆ ನಾಲ್ಕು ಸಾಲೇ ಸಾಕಿತ್ತು! ಕಾನೂನು ಕಲಿಸುವ ಮಹಾಶಯರಿಗೆ ಅದು ಗೊತ್ತಿರಲಿಲ್ಲವೇ?

ದಫಿನಾ ಅಂಟು ಒರೆಸಿಕೊಳ್ಳುತ್ತಿರುವಾಗ ಮೇಷ್ಟ್ರು ಚೀಲ ಹಿಡಿದು ಇಳಿದು ಬಂದರು. ಕಾಗದ ಓದಿದರು. ಮುಖ ಕೆಂಪಾಯಿತು.

"ಏನಮ್ಮ ಇದು? ನನ್ನ ಹೆಸರು ಹಾಕೋಕೆ ಯಾರನ್ನ ಕೇಳಿದೆ? ಒಬ್ಬರ ಹೆಸರು, ವಿಳಾಸ ಹೀಗೆ ಬೀದೀಲಿ ಹಾಕೋದು ಅಪರಾಧ ಗೊತ್ತಾ? ನಾನು ಕೇಸ್ ಹಾಕಬಹುದು."

"ಹಾಕಿ ಮೇಷ್ಟ್ರೇ," ಎಂದಳು ದಫಿನಾ. "ಕೇಸ್ ಹಾಕ್ಬೇಕಾದ್ರೆ ಕೆಳಗೆ ಹೆಸರು ಬರೀಬೇಕಾಗತ್ತೆ."

ಅಷ್ಟರಲ್ಲಿ ಮೇಲಿನಿಂದ "ಅಕ್ಕಾ" ಎಂದು ಆಸೆನ್ ಕೂಗಿದ. ಹೊತ್ತು ಏರಿತ್ತು, ಅವನಿನ್ನೂ ಹಾಸಿಗೆಯಲ್ಲೇ ಇದ್ದ. ದಫಿನಾ ಅಂಟಿನ ಡಬ್ಬಿ ಎತ್ತಿಕೊಂಡು ಮೆಟ್ಟಿಲು ಹತ್ತಿದಳು. ಹಿಂದೆ ಕರಕರ ಸದ್ದು ಕೇಳಿ ತಿರುಗಿದಳು.

ಮೇಷ್ಟ್ರು ಕಾಗದ ಹರಿದಿರಲಿಲ್ಲ. ಮನೆಯ ಕೀಲಿಕೈಯಿಂದ ತಮ್ಮ ಹೆಸರನ್ನು ಮಾತ್ರ ಕೆರೆಯುತ್ತಿದ್ದರು. ಸತ್ತದ್ದರ ಹೆಸರು ಮೇಲೆ ಹಾಗೇ ಇತ್ತು.