ಪೊರಕೆ ಅಡ್ಡ ಹಿಡಿದವಳು

ಬೆಂಗಳೂರು ಸ್ಟೇಷನ್ನಿನ ಎದುರಿನ ರಸ್ತೆ ದಾಟಲಾರದೆ ಹೊಂಬಾಳಮ್ಮ ಗಂಡನ ಕೈ ಬಿಗಿಯಾಗಿ ಹಿಡಿದು ನಿಂತೇಬಿಟ್ಟಳು. ಪೊರೆ ಬಂದು ಮಾಯಣ್ಣನಿಗೆ ಎರಡು ಕಣ್ಣೂ ಕಾಣುತ್ತಿರಲಿಲ್ಲ. ಬೆಳಗಿನ ರೈಲಿಗೆ ತಿಪಟೂರಿನಿಂದ ಬಂದಿದ್ದರು; ಹತ್ತು ಗಂಟೆಯೊಳಗೆ ಕಣ್ಣಾಸ್ಪತ್ರೆ ಸೇರದಿದ್ದರೆ ಆಪರೇಷನ್ ಮುಂದಕ್ಕೆ ಹೋಗುತ್ತಿತ್ತು.

"ಎಲ್ಲಿಗಮ್ಮಾ?" ಎಂದಳು ರಸ್ತೆ ಗುಡಿಸುತ್ತಿದ್ದ ಹೆಂಗಸು.

"ಕಣ್ಣಾಸ್ಪತ್ರೆಗೆ ಕಣವ್ವ. ಇವ್ರನ್ನ ಹೆಂಗೆ ದಾಟಿಸ್ಲಿ?"

ಆಕೆ ರಸ್ತೆಗಿಳಿದು ಉದ್ದನೆಯ ಪೊರಕೆಯನ್ನು ಅಡ್ಡ ಹಿಡಿದಳು. ಬಸ್ಸು, ಆಟೋ, ಜಟಕಾ ಎಲ್ಲ ನಿಂತವು. ಇಬ್ಬರನ್ನೂ ದಾಟಿಸಿ, ಸಿಟಿ ಬಸ್ಸು ಹತ್ತಿಸಿ, "ಕಣ್ಣಾಸ್ಪತ್ರೆ ಗೇಟಲ್ಲೇ ಇಳಿಸಪ್ಪ" ಎಂದು ಕಂಡಕ್ಟರಿಗೆ ಹೇಳಿದಳು.

"ನಿನ್ ಹೊಟ್ಟೆ ತಣ್ಣಗಿರ್ಲಿ ಕಣವ್ವ" ಎಂದು ಮಾಯಣ್ಣ ಡ್ರೈವರನ ಕಡೆ ಮುಖ ಮಾಡಿ ಕೈಮುಗಿದ. ಹೊಂಬಾಳಮ್ಮ ಆ ಮುಗಿದ ಕೈಗಳನ್ನು ಮೆಲ್ಲಗೆ ಹಿಡಿದು, ಕಿಟಕಿಯಾಚೆ ನಿಂತಿದ್ದ ಅವಳತ್ತ ತಿರುಗಿಸಿದಳು.