ಹುಣಸೆ ಬೀಜದಷ್ಟು ಅವ್ವ

"ಇದರಾಗ ನಮ್ಮ ಅಕ್ಕ ಹಿಡೀಬೇಕ್ರಿ" ಎಂದು ಶೇಖರಮ್ಮ ಸೆರಗಿನ ಗಂಟು ಬಿಚ್ಚಿ, ಮಸ್ಕಿಯ ಪತ್ತಾರ ಮಾಡಿಕೊಟ್ಟ ಬೆಳ್ಳಿಯ ಪದಕವನ್ನು ಮೇಜಿನ ಮೇಲಿಟ್ಟಳು. ಪಕ್ಕದಲ್ಲಿ, ಗೋಡೆಯಿಂದ ಇಳಿಸಿ ಟವೆಲಿನಲ್ಲಿ ಸುತ್ತಿ ತಂದ ಕಟ್ಟಿನ ಫೋಟೋ. ಪದಕ ಹುಣಸೆ ಬೀಜದಷ್ಟು, ಫೋಟೋ ಮೊರದಷ್ಟು. ಲಿಂಗಸುಗೂರಿನ ಬಸ್ ನಿಲ್ದಾಣದ ಎದುರು ಹದಿನೆಂಟು ವರ್ಷದಿಂದ ಸ್ಟುಡಿಯೋ ನಡೆಸುತ್ತಿದ್ದ ಕರೀಂಸಾಬ್ ಒಮ್ಮೆ ಅದನ್ನು ನೋಡಿದ, ಒಮ್ಮೆ ಇದನ್ನು ನೋಡಿದ.

"ಮಂದಿ ಸಣ್ಣದು ತಂದು ದೊಡ್ಡದು ಮಾಡಿಕೊಡು ಅಂತಾರವ್ವಾ. ನೀ ಉಲ್ಟಾ ಬಂದೀದಿ."

"ಸಿಂಧನೂರಾಗ ಒಬ್ರನ್ನ ಕೇಳಿದ್ವಿರೀ. ಇಷ್ಟು ಸಣ್ಣದು ಮಾಡಿದ್ರ ಮುಖ ಹೋಗಿ ಬರೇ ಚುಕ್ಕಿ ಉಳಿತೈತಿ ಅಂದ್ರು."

ಸಿಂಧನೂರಿನವರು ಕೈಚೆಲ್ಲಿದ್ದಾರೆಂದು ಕೇಳಿದ ಮೇಲೆ ಸುಮ್ಮನಿರುವ ಆಸಾಮಿಯಲ್ಲ ಕರೀಂಸಾಬ್. ಅಂಗಿಯ ತೋಳು ಮಡಚಿಕೊಂಡ. ಎರಡನೆಯ ಹೆಂಡತಿಯಾಗಿ ಬಂದವಳು ಸತ್ತ ಮೊದಲನೆಯವಳ ಹೆಸರಿನಲ್ಲಿ ಕೊರಳಿಗೆ ಪದಕ ಹಾಕಿಕೊಳ್ಳುವ ರೂಢಿ ಅವನಿಗೂ ಗೊತ್ತಿತ್ತು. ಆದರೆ ಅದು ಬರೀ ತಗಡಾದರೂ ನಡೆಯುತ್ತದೆ. ಈಕೆಗೆ ಮುಖವೇ ಏಕೆ ಬೇಕು?

ಕಾರಣ ಬಾಗಿಲ ಹೊರಗೆ ನಿಂತಿತ್ತು. ಸತ್ತ ಪಾರ್ವತೆಮ್ಮನ ನಾಲ್ಕು ವರ್ಷದ ಮಗಳು, ಬಸ್ಸಮ್ಮ. ಗುರುಗುಂಟಾದಿಂದ ಬರುವಾಗ ಬಸ್ಸಿನಲ್ಲಿ ಬೇರೆ ಸೀಟು ಹಿಡಿದಿದ್ದಳಂತೆ. ಬಸ್ಸಿಳಿದ ಮೇಲೂ ಹತ್ತು ಹೆಜ್ಜೆ ದೂರ.

"ನಾ ಬಂದು ಎರಡು ವರ್ಷಾತ್ರಿ" ಎಂದಳು ಶೇಖರಮ್ಮ. "ಎತ್ಕೊಳ್ಳಾಕ ಹೋದ್ರ ಒದಿತಾಳ. ದಿನಾ ಈ ಫೋಟೋದ ಮುಂದ ಕುಂತು ಅದರ ಕೂಡಾನ ಮಾತು. ಅವ್ವ ನನ್ನ ಕೊಳ್ಳಾಗ ಅದಾಳ ಅಂತ ಗೊತ್ತಾದ್ರ, ಆಕಿನ್ನ ನೋಡಾಕಾದ್ರೂ ನನ್ನ ಹಂತೇಕ ಬಂದಾಳು. ಗುರುತು ಸಿಗಬೇಕ್ರಿ ಸಾಬ್ರೆ, ಅಷ್ಟಾ."

ಕರೀಂಸಾಬ್ ಕಟ್ಟು ಬಿಚ್ಚಿದ. ಗಾಜಿನ ಮೇಲೆ ಏನೇನೋ ಮೆತ್ತಿಕೊಂಡಿತ್ತು. ಒದ್ದೆ ಬಟ್ಟೆಯಿಂದ ಫಳಫಳ ಹೊಳೆಯುವಂತೆ ಒರೆಸಿ ಪಕ್ಕಕ್ಕಿಟ್ಟ. ಫೋಟೋವನ್ನು ಬಿಸಿಲಿಗೆ ನಿಲ್ಲಿಸಿ, ಕುರ್ಚಿ, ಹೂದಾನಿ, ಸೀರೆಯ ನೆರಿಗೆಗಳನ್ನೆಲ್ಲ ಬಿಟ್ಟು, ಮುಖವೊಂದೇ ರೀಲಿನಲ್ಲಿ ಹುಣಸೆ ಬೀಜದಷ್ಟಾಗುವಂತೆ ಅಳತೆ ನೋಡಿ ಕ್ಯಾಮೆರಾದಲ್ಲಿ ತೆಗೆದ. ರೀಲು ತೊಳೆದು ಒಣಗಿಸಿದ. ಯಂತ್ರಕ್ಕೆ ಕೊಟ್ಟು ಹಿಗ್ಗಿಸಲಿಲ್ಲ, ಕುಗ್ಗಿಸಲಿಲ್ಲ. ಕತ್ತಲೆಕೋಣೆಯಲ್ಲಿ ಅದನ್ನು ನೇರ ಕಾಗದಕ್ಕೊತ್ತಿ, ದೀಪ ಹಾಕಿ, ಏಳು ಎಣಿಸಿ ಆರಿಸಿದ.

ಕೆಂಪು ಬೆಳಕಿನಲ್ಲಿ, ತಟ್ಟೆಯ ಔಷಧದ ನೀರಿನಡಿ, ಬಿಳಿ ಕಾಗದದ ನಡುವೆ ಮೊದಲು ಎರಡು ಹುಬ್ಬು ಬಂದವು. ಆಮೇಲೆ ಕಣ್ಣು. ಆಮೇಲೆ ನಗು. ಕರೀಂಸಾಬ್ ಮಸೂರ ಹಿಡಿದು ಬಗ್ಗಿದ. ಮೂಗುಬೊಟ್ಟಿನ ಏಳು ಹರಳು ಏಳೂ ಇದ್ದವು. ಕಿವಿಯ ಹತ್ತಿರ ಎಣ್ಣೆಗೆ ಬಗ್ಗದ ಒಂದು ಕೂದಲೆಳೆ ಸಹ ಹಾಗೇ ಇತ್ತು. "ಯಾ ಅಲ್ಲಾ" ಎಂದ ತನ್ನಷ್ಟಕ್ಕೆ. ಸಾವಿರಾರು ಮುಖ ತೊಳೆದ ಕೈ ಅದು. ಆದರೂ ಒಬ್ಬ ಹೆಂಗಸು ಇಷ್ಟರೊಳಗೆ ಇಡಿಯಾಗಿ ಕುಳಿತದ್ದನ್ನು ಅವನು ಕಂಡದ್ದು ಇದೇ ಮೊದಲು.

ಚಿತ್ರ ಕತ್ತರಿಸಿ, ಪದಕದಲ್ಲಿ ಕೂರಿಸಿ, ಮೇಲೆ ಪುಟ್ಟ ಗಾಜು ಒತ್ತಿ ಕೊಟ್ಟ. ಶೇಖರಮ್ಮ ಅದನ್ನು ಕೊರಳಿಗೆ ಹಾಕಿಕೊಂಡು ಬಾಗಿಲಲ್ಲಿ ಮಂಡಿಯೂರಿದಳು. "ಬಸ್ಸೀ, ಇಲ್ಲಿ ನೋಡು ಬಾ, ಯಾರು ಬಂದಾರ."

ಹುಡುಗಿ ಮಾರು ದೂರದಿಂದಲೇ ಕತ್ತು ಚಾಚಿ ನೋಡಿದಳು. "ಅವ್ವ ಅಲ್ಲ."

ಕರೀಂಸಾಬನಿಗೆ ಮುಖಕ್ಕೆ ಹೊಡೆದಂತಾಯಿತು. ಓಡಿಹೋಗಿ, ಮತ್ತೆ ಗಾಜು ಕೂಡಿಸಿಟ್ಟಿದ್ದ ದೊಡ್ಡ ಫೋಟೋವನ್ನೇ ಎತ್ತಿಕೊಂಡು ಬಂದ. "ಅದಾ ಮುಖ ನೋಡವ್ವಾ. ಇದರದಾ ಅದು."

"ಅದೂ ಅಲ್ಲ" ಎಂದಳು ಬಸ್ಸಮ್ಮ. ತುಟಿ ಅದುರತೊಡಗಿತು. "ನಮ್ಮವ್ವ ಎಲ್ಲಿ ಹೋದ್ಳು?"

ಶೇಖರಮ್ಮ ಹೊಳೆಯುವ ಗಾಜನ್ನು ನೋಡಿದಳು. "ಸಾಬ್ರೆ, ಗಾಜು ಒರೆಸಿದ್ರೇನ್ರಿ?"

"ಒರೆಸದ ಹೆಂಗ ಕೂಡಸ್ಲಿ? ಅಷ್ಟು ಹೊಲಸಾಗಿತ್ತು."

"ಹೊಲಸಲ್ರೀ. ಅಕ್ಕ ಸತ್ತಾಗ ಇಕಿ ಇನ್ನೂ ಮೊಲೆಗೂಸು, ಮುಖ ಕಂಡಿಲ್ಲ. ಟ್ರಂಕಿನ್ಯಾಗಿದ್ದ ಈ ಫೋಟೋ ನಾ ಬಂದ ದಿನಾನ ತೆಗೆದು ಗ್ವಾಡಿಗೆ ಹಾಕೀನಿ. ಅವತ್ತಿಂದ ಸೋಮಾರಕ್ಕೊಮ್ಮೆ ಅಕ್ಕನ ಹಣಿಗೆ ಇಭೂತಿ, ಕುಂಕುಮ ಹಚ್ಚೀನಿ. ಇಕಿಗೆ ಗೊತ್ತಿರೋ ಅವ್ವ ಅದಾ ರೀ."

ಕರೀಂಸಾಬ್ ತಾನು ಒರೆಸಿದ ಗಾಜನ್ನು ಮತ್ತೊಮ್ಮೆ ನೋಡಿದ. ಈ ಮಗು ಎರಡು ವರ್ಷದಿಂದ ಅವ್ವ ಎಂದು ಗುರುತು ಹಿಡಿಯುತ್ತಿದ್ದದ್ದು ಶೇಖರಮ್ಮನ ಬೆರಳಚ್ಚನ್ನು! ಅದು ಮಗುವಿಗೂ ಗೊತ್ತಿಲ್ಲ, ಹಚ್ಚಿದವಳಿಗೂ ಹೊಳೆದಂತಿಲ್ಲ. ಅವನು ಒಳಗೆ ಹೋಗಿ, ಫೋಟೋ ತಿದ್ದುವ ಮೂರೆಳೆ ಕೂದಲಿನ ಕುಂಚ ತಂದು ಅವಳ ಕೈಗೆ ಕೊಟ್ಟ. "ಹಚ್ಚವ್ವಾ. ಇಷ್ಟು ಸಣ್ಣ ಹಣಿಗೆ ಬೆರಳು ಹಿಡ್ಯಂಗಿಲ್ಲ."

ಶೇಖರಮ್ಮ ಸಂಚಿಯಿಂದ ವಿಭೂತಿ, ಕುಂಕುಮ ತೆಗೆದು, ಉಸಿರು ಬಿಗಿಹಿಡಿದು, ಪದಕದ ಗಾಜಿನ ಮೇಲೆ ಮೂರು ಬಿಳಿ ಎಳೆ, ಒಂದು ಕೆಂಪು ಚುಕ್ಕಿ ಇಟ್ಟಳು. ಕರೀಂಸಾಬ್ ಮಸೂರವನ್ನು ಅದರ ಮುಂದೆ ಹಿಡಿದ.

ಬಸ್ಸಮ್ಮ ಒಂದು ಹೆಜ್ಜೆ ಬಂದಳು. ಇನ್ನೊಂದು. ಮೂಗು ಮಸೂರಕ್ಕೆ ತಾಗಿತು. "ಅವ್ವ" ಎಂದಳು. ಬೆರಳಿನಿಂದ ಮೆಲ್ಲಗೆ ಮುಟ್ಟಿದಳು. "ಸಣ್ಣಾಕಿ ಆಗ್ಯಾಳ."

ಆಮೇಲೆ ಕಣ್ಣೆತ್ತಿ, ಮೊದಲ ಸಲ ನೋಡುವವಳಂತೆ ಶೇಖರಮ್ಮನ ಮುಖ ನೋಡಿದಳು. "ನೀ ಎತ್ಕೊಂಡೀಯೇನು ಅವ್ವನ್ನ?"

"ಹ್ಞೂಂ. ಎತ್ಕೊಂಡೀನಿ."

ಹುಡುಗಿ ಒಂದು ಗಳಿಗೆ ಯೋಚಿಸಿದಳು. ಎರಡೂ ಕೈ ಮೇಲೆತ್ತಿದಳು.

"ನನ್ನೂ ಎತ್ಕೋ."